ಬಾರಾ ದ್ವೀಪದ ಪಿಟೀಲಿಗೆ ದುಡ್ಡು ಎಲ್ಲಿಂದ ಬರುತ್ತೆ?

ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ಬಾರಾ ಅಂತ ಒಂದು ಪುಟ್ಟ ದ್ವೀಪ ಇದೆ. ಸಾವಿರದ ಚಿಲ್ಲರೆ ಜನ. ಅಲ್ಲಿ ವಿಮಾನ ಇಳಿಯುವುದು ಸಮುದ್ರದಂಡೆಯ ಮರಳಿನ ಮೇಲೆ. ಉಬ್ಬರ ಬಂತು ಅಂದರೆ ರನ್‌ವೇ ನೀರಿನಡಿ ಹೋಗುತ್ತದೆ. ಹಾಗಾಗಿ ವಿಮಾನದ ವೇಳಾಪಟ್ಟಿ ಹಾಕುವವರು ಮೊದಲು ಕಡಲಿನ ಪಂಚಾಂಗ ನೋಡಬೇಕು! ವಿಮಾನ ಬೇಡ ಅಂದರೆ ಹಡಗು ಇದೆ. ಓಬನ್ ಎಂಬ ಊರು ಮುಟ್ಟಲು ಐದು ಗಂಟೆ ಹತ್ತಿರ. ಅಲ್ಲಿಂದ ಗ್ಲಾಸ್ಗೋಗೆ ರೈಲಿನಲ್ಲಿ ಇನ್ನೂ ಮೂರು ಗಂಟೆ.

ಈ ದ್ವೀಪದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಪಿಟೀಲು ಚೆನ್ನಾಗಿ ನುಡಿಸುತ್ತಾಳೆ ಅಂದುಕೊಳ್ಳಿ. ನಿಜವಾದ ಹುಡುಗಿಯಲ್ಲ, ಲೆಕ್ಕ ಅರ್ಥವಾಗಲಿ ಅಂತ ನಾನೇ ಕಟ್ಟಿಕೊಂಡವಳು. ಅವಳಿಗೆ ಬೇಕಾದ ಗುರು ಗ್ಲಾಸ್ಗೋದಲ್ಲಿದ್ದಾರೆ. ಒಂದು ಗಂಟೆಯ ಪಾಠಕ್ಕೆ ಹೋಗಿಬರಲು ಎರಡು ದಿನ ಬೇಕು, ಒಂದು ರಾತ್ರಿ ಎಲ್ಲಾದರೂ ಉಳಿಯಬೇಕು. ಪಾಠದ ಫೀಸಿಗಿಂತ ದಾರಿಖರ್ಚೇ ಜಾಸ್ತಿ. ಪ್ರತಿಭೆ ಇದೆ, ಗುರು ಇದ್ದಾರೆ. ಇಲ್ಲದೆ ಇರುವುದು ಟಿಕೆಟ್ಟಿನ ದುಡ್ಡು.

ಸ್ಕಾಟ್ಲೆಂಡಿನಲ್ಲಿ ಎಳೆಯ ಕಲಾವಿದರಿಗೆ ಕೊಡುವ ಧನಸಹಾಯ ಅರ್ಥ ಆಗಬೇಕಾದರೆ ಈ ಟಿಕೆಟ್ಟಿನಿಂದಲೇ ಶುರು ಮಾಡುವುದು ಒಳ್ಳೆಯದು. 2024ರಲ್ಲಿ ಇಂಥದ್ದೊಂದು ನಿಧಿಯ ಬಾಗಿಲು ಮುಚ್ಚುತ್ತೇವೆ ಅಂದಾಗ ದೊಡ್ಡ ಗದ್ದಲವೇ ಆಯಿತು. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೂ ಇದು ದೂರದ ಸಂಗತಿ ಅಲ್ಲ. ಮಗು ಶಾಲೆಯಿಂದ ಒಂದು ವಾದ್ಯ ಹೊತ್ತುಕೊಂಡು ಬಂದ ದಿನದಿಂದ ಈ ಲೆಕ್ಕ ಮನೆಯೊಳಗೇ ಬರುತ್ತದೆ.

‘ಅವಾರ್ಡ್’ ಅಂದರೆ ಶಾಲು-ಹಾರ ಅಲ್ಲ

ಮೊದಲು ಒಂದು ಮಾತಿನ ಗೊಂದಲ ಬಿಡಿಸಿಕೊಳ್ಳೋಣ. ‘ಅವಾರ್ಡ್’ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಪ್ರಶಸ್ತಿ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫಲಕ. ಅಂದರೆ ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಗೌರವ. ಸ್ಕಾಟ್ಲೆಂಡಿನಲ್ಲಿ ಎಳೆಯರಿಗೆ ಕೊಡುವ ಬಹಳಷ್ಟು ‘ಅವಾರ್ಡ್’ಗಳು ಹಾಗಲ್ಲ. ಅವು ಇನ್ನು ಮುಂದೆ ಮಾಡಬೇಕಾದ ಕೆಲಸಕ್ಕೆ ಕೊಡುವ ಖರ್ಚು. ನಮ್ಮ ಅಕಾಡೆಮಿಗಳು ಕೊಡುವ ಶಿಷ್ಯವೇತನಕ್ಕೆ ಹತ್ತಿರದ್ದು.

ಇದರಲ್ಲೂ ಬಗೆಗಳಿವೆ. ಬರ್ಸರಿ ಅಂದರೆ ಮನೆಯ ಆದಾಯ ನೋಡಿ ಕೊಡುವ ಸಹಾಯ. ಸ್ಕಾಲರ್‌ಶಿಪ್ಪಿನಲ್ಲಿ ಸಾಮಾನ್ಯವಾಗಿ ಪ್ರತಿಭೆಯ ಕಡೆ ತೂಕ ಜಾಸ್ತಿ. ಗ್ರ್ಯಾಂಟ್ ಅಂದರೆ ಇಂಥದ್ದೇ ಕೆಲಸಕ್ಕೆ ಅಂತ ಕೊಡುವ ಹಣ. ಅದನ್ನು ವಾಪಸ್ ಕೊಡಬೇಕಿಲ್ಲ, ಆದರೆ ಲೆಕ್ಕ ಕೊಡಬೇಕು. ಕಮಿಷನ್ ಅಂದರೆ ಇಲ್ಲಿ ದಲ್ಲಾಳಿ ಕಮಿಷನ್ ಅಲ್ಲ, ‘ನಮಗೊಂದು ಹೊಸ ರಚನೆ ಮಾಡಿಕೊಡಿ’ ಅಂತ ಮುಂಗಡ ಕೊಟ್ಟು ಮಾಡಿಸುವುದು. ರೆಸಿಡೆನ್ಸಿ ಅಂದರೆ ಒಂದಷ್ಟು ದಿನ ಇರಲು ಜಾಗ ಕೊಟ್ಟು ‘ನೀನು ನಿನ್ನ ಕೆಲಸ ಮಾಡು’ ಎನ್ನುವುದು. ಗೆದ್ದವರಿಗೆ ಕೊಡುವ ಬಹುಮಾನ ಇದ್ದೇ ಇದೆ.

ಬಹುಮಾನವೂ ಎಲ್ಲ ಸಲ ದುಡ್ಡಿನ ರೂಪದಲ್ಲೇ ಇರುವುದಿಲ್ಲ. ಜಾನಪದ ಸಂಗೀತದ ಎಳೆಯರಿಗೆ 2001ರಿಂದ ಬಿಬಿಸಿ ರೇಡಿಯೋ ಸ್ಕಾಟ್ಲೆಂಡ್ ಹೆಸರಿನ ಸ್ಪರ್ಧೆ ಇದೆ. ಫೈನಲ್ ನಡೆಯುವುದು ಗ್ಲಾಸ್ಗೋದಲ್ಲಿ, ಜನವರಿಯ ಕೆಲ್ಟಿಕ್ ಕನೆಕ್ಷನ್ಸ್ ಹಬ್ಬದ ಹೊತ್ತಿಗೆ. ಅಲ್ಲಿ ನುಡಿಸಿದವರಿಗೆ ಮುಖ್ಯವಾಗಿ ಸಿಗುವುದು ರೇಡಿಯೋ, ವೇದಿಕೆ, ನಾಲ್ಕು ಜನರ ಕಿವಿಗೆ ಬಿದ್ದ ಹೆಸರು. ಮುಂದಿನ ಕಚೇರಿಗೆ ಕರೆ ಬರುವುದು ಅದರಿಂದಲೇ.

ಮೊದಲ ಪಾಠ ಪುಕ್ಕಟೆ

ನಮ್ಮ ಬಾರಾದ ಹುಡುಗಿಗೆ ಪಿಟೀಲು ಕೈಗೆ ಬಂದದ್ದು ಹೇಗೆ? ಬಹುಶಃ ಶಾಲೆಯಲ್ಲಿ. ಸ್ಕಾಟ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ವಾದ್ಯ ಕಲಿಸಲು ಮೇಷ್ಟ್ರುಗಳು ಬರುತ್ತಾರೆ. ಹಿಂದೆ ಬಹಳಷ್ಟು ಕಡೆ ಸ್ಥಳೀಯ ಕೌನ್ಸಿಲ್ ಇದಕ್ಕೆ ಫೀಸು ಹಾಕುತ್ತಿತ್ತು. ಒಂದು ಕೌನ್ಸಿಲ್ಲಿನಲ್ಲಂತೂ ಅದು ವರ್ಷಕ್ಕೆ 500 ಪೌಂಡ್ ದಾಟಿತ್ತು. ಒಂದು ಪೌಂಡ್ ಅಂದರೆ ನೂರು ರೂಪಾಯಿಗೂ ಮೇಲೆ, ಲೆಕ್ಕ ಹಾಕಿಕೊಳ್ಳಿ. ಎರಡು ಮಕ್ಕಳಿದ್ದ ಮನೆಯಲ್ಲಿ ಯಾರನ್ನು ಬಿಡಿಸಬೇಕು ಅನ್ನುವ ಮಾತು ಬರುತ್ತಿತ್ತು. 2021ರ ಶಾಲಾ ವರ್ಷದಿಂದ ಈ ಫೀಸು ತೆಗೆದು ಹಾಕಿದರು.

ಅದಕ್ಕೂ ಮೊದಲೇ, 2003ರಲ್ಲಿ, ಯೂತ್ ಮ್ಯೂಸಿಕ್ ಇನಿಷಿಯೇಟಿವ್ ಎಂಬ ಸರ್ಕಾರಿ ಯೋಜನೆ ಶುರುವಾಗಿತ್ತು. ಪ್ರತಿ ಮಗುವಿಗೂ ಪ್ರಾಥಮಿಕ ಆರನೇ ತರಗತಿ ಮುಗಿಯುವುದರೊಳಗೆ ಒಂದು ವರ್ಷವಾದರೂ ಪುಕ್ಕಟೆ ಸಂಗೀತ ಪಾಠ ಸಿಗಬೇಕು ಅನ್ನುವುದು ಅದರ ಗುರಿ. ದೇಶದ 32 ಕೌನ್ಸಿಲ್‌ಗಳಿಗೂ ಈ ಹಣ ಹೋಗುತ್ತದೆ.

ಇದನ್ನು ‘ಪ್ರತಿಭೆಗೆ ಸಹಾಯ’ ಅಂತ ಯಾರೂ ಕರೆಯುವುದಿಲ್ಲ, ಯಾಕೆಂದರೆ ಇದು ಎಲ್ಲರಿಗೂ ಸಿಗುವಂಥದ್ದು. ಆದರೆ ನನಗೆ ಕಾಣುವಂತೆ ಮುಂದಿನ ಎಲ್ಲ ಅವಾರ್ಡುಗಳ ಬುಡ ಇಲ್ಲೇ ಇದೆ. ಪಿಟೀಲು ಮುಟ್ಟದ ಮಗುವಿಗೆ ಪಿಟೀಲಿನ ಪ್ರತಿಭೆ ಇದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು?

ಬಾರಾದವರು ಸರ್ಕಾರಕ್ಕಾಗಿ ಕಾಯುತ್ತಲೂ ಕೂರಲಿಲ್ಲ. ತಮ್ಮ ಹಾಡು, ಕುಣಿತ, ಗೇಲಿಕ್ ಭಾಷೆ ಮಕ್ಕಳ ಬಾಯಿಂದ ಜಾರಿಹೋಗುತ್ತಿದೆ ಅಂತ ಊರಿನವರಿಗೆ ಅನ್ನಿಸಿತು. 1981ರಲ್ಲಿ ಮಕ್ಕಳಿಗಾಗಿ ಒಂದು ಬೇಸಿಗೆ ಶಿಬಿರ ಮಾಡಿದರು. ಅದರ ಹೆಸರು ‘ಫೇಶ್’. ಗೇಲಿಕ್‌ನಲ್ಲಿ ಹಬ್ಬ ಅಂತ ಅರ್ಥ. ಅದನ್ನು ನೋಡಿ ಬೇರೆ ಊರುಗಳಲ್ಲೂ ಫೇಶ್‌ಗಳು ಹುಟ್ಟಿಕೊಂಡವು. ಇವತ್ತು ಅವನ್ನೆಲ್ಲ ಜೋಡಿಸುವ ಒಂದು ದೊಡ್ಡ ಸಂಸ್ಥೆಯೇ ಇದೆ, ಅದಕ್ಕೆ ಸಾರ್ವಜನಿಕ ಹಣವೂ ಬರುತ್ತದೆ. ಊರಿನವರು ಹಚ್ಚಿದ ದೀಪಕ್ಕೆ ಸರ್ಕಾರ ಆಮೇಲೆ ಎಣ್ಣೆ ಹಾಕಿತು.

ಸ್ಟರ್ಲಿಂಗ್ ಊರಿನ ರಾಪ್ಲಾಕ್ ಬಡಾವಣೆಯ ಕಥೆ ಇನ್ನೊಂದು ಥರ. ಬಡತನಕ್ಕೆ ಹೆಸರಾದ ಜಾಗ. ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೂ ಅವರು ಶುರು ಮಾಡಿದ ‘ಎಲ್ ಸಿಸ್ಟೆಮಾ’ ಎಂಬ ಮಕ್ಕಳ ಆರ್ಕೆಸ್ಟ್ರಾ ಚಳವಳಿಯನ್ನು ನೋಡಿ, 2008ರಲ್ಲಿ ಇಲ್ಲಿ ‘ಬಿಗ್ ನಾಯ್ಸ್’ ಆರಂಭಿಸಿದರು. ಹೆಸರೇ ಹೇಳುವಂತೆ, ದೊಡ್ಡ ಗಲಾಟೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಒಟ್ಟಿಗೆ ಕೂತು ನುಡಿಸುವುದು, ಅದೂ ಪುಕ್ಕಟೆ. 2012ರ ಜೂನ್‌ನಲ್ಲಿ ಅದೇ ಬಡಾವಣೆಯ ಬಯಲಿಗೆ ವೆನೆಜುವೆಲಾದ ಸಿಮೋನ್ ಬೊಲಿವಾರ್ ಆರ್ಕೆಸ್ಟ್ರಾ ಬಂತು, ಗುಸ್ತಾವೊ ದುದಾಮೆಲ್ ಮುಂದೆ ನಿಂತು ನಡೆಸಿದರು. ಮಳೆ ಧೋ ಅಂತ ಸುರಿಯಿತು. ಜನ ರೇನ್‌ಕೋಟ್ ಹಾಕಿಕೊಂಡು ಕೂತೇ ಇದ್ದರು. ರಾಪ್ಲಾಕ್‌ನ ಮಕ್ಕಳು ಆ ದೊಡ್ಡ ಆರ್ಕೆಸ್ಟ್ರಾದ ಜೊತೆ ಅದೇ ವೇದಿಕೆಯಲ್ಲಿ ನುಡಿಸಿದರು.

ಮಂತ್ರಿಗೂ ಕಲಾವಿದನಿಗೂ ನಡುವೆ ಒಂದು ಮೊಳ

ಈಗ ಸ್ವಲ್ಪ ಗೋಜಲಿನ ಭಾಗ. ಈ ಹಣ ಯಾರ ಕೈಯಿಂದ ಬರುತ್ತದೆ?

ಬ್ರಿಟನ್ನಿನಲ್ಲಿ ರಕ್ಷಣೆ, ವಿದೇಶಾಂಗದಂಥ ವಿಷಯ ಲಂಡನ್ ನೋಡಿಕೊಳ್ಳುತ್ತದೆ. ಸಂಸ್ಕೃತಿ ಮತ್ತು ಶಿಕ್ಷಣ ಎಡಿನ್‌ಬರೋದಲ್ಲಿರುವ ಸ್ಕಾಟಿಷ್ ಸರ್ಕಾರದ ಪಾಲು. 1999ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಬಂದಾಗಿನಿಂದ ಹೀಗೆ. ಆದರೆ ಸಂಸ್ಕೃತಿ ಮಂತ್ರಿ ಕೂತು ‘ಈ ಹುಡುಗನಿಗೆ ಕೊಡಿ, ಆ ಹುಡುಗಿಗೆ ಬೇಡ’ ಅನ್ನುವ ಹಾಗಿಲ್ಲ. ಹಣ ಹೋಗುವುದು ಕ್ರಿಯೇಟಿವ್ ಸ್ಕಾಟ್ಲೆಂಡ್ ಎಂಬ ಸಾರ್ವಜನಿಕ ಸಂಸ್ಥೆಗೆ. ಹಳೆಯ ಕಲಾ ಮಂಡಳಿಯನ್ನೂ ಸಿನಿಮಾ ಸಂಸ್ಥೆಯನ್ನೂ ಕೂಡಿಸಿ 2010ರಲ್ಲಿ ಇದನ್ನು ಕಟ್ಟಿದರು. ಯಾವುದು ಒಳ್ಳೆಯ ಕಲೆ ಅನ್ನುವ ತೀರ್ಮಾನದಲ್ಲಿ ಮಂತ್ರಿಗಳು ಆದೇಶ ಕೊಡುವಂತಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ.

ಊರ ಜಾತ್ರೆಯನ್ನು ನೆನೆಸಿಕೊಳ್ಳಿ. ಗೌಡರು ಕುಸ್ತಿಗೆ ದುಡ್ಡು ಕೊಡುತ್ತಾರೆ. ಆದರೆ ಗೆದ್ದವರು ಯಾರು ಅಂತ ಹೇಳುವುದು ಅಖಾಡದ ಪಂಚರು. ಗೌಡರ ಅಳಿಯನೇ ಕುಸ್ತಿಗೆ ಇಳಿದಿದ್ದರೆ ಈ ಏರ್ಪಾಟು ಯಾಕೆ ಬೇಕು ಅಂತ ತಟ್ಟನೆ ಅರ್ಥವಾಗುತ್ತದೆ, ಅಲ್ವಾ?

ಕ್ರಿಯೇಟಿವ್ ಸ್ಕಾಟ್ಲೆಂಡಿಗೆ ಇನ್ನೊಂದು ಕೆರೆಯಿಂದಲೂ ನೀರು ಬರುತ್ತದೆ: ಲಾಟರಿ. ಬ್ರಿಟನ್ನಿನ ನ್ಯಾಷನಲ್ ಲಾಟರಿ 1994ರ ನವೆಂಬರ್‌ನಲ್ಲಿ ಶುರುವಾಯಿತು. ಟಿಕೆಟ್ ಹಣದ ಒಂದು ಪಾಲು ಕಲೆ, ಕ್ರೀಡೆ, ಹಳೆಯ ಕಟ್ಟಡ, ಸಮಾಜಸೇವೆ ಇಂಥವಕ್ಕೆ ಹೋಗಲೇಬೇಕು. ಅಂಗಡಿಯಲ್ಲಿ ಟಿಕೆಟ್ ಕೊಂಡು ಸೋತ ಅಜ್ಜನ ದುಡ್ಡಿನಲ್ಲಿ ಒಂದಿಷ್ಟು ಯಾವುದೋ ಹುಡುಗಿಯ ಪಿಟೀಲಿಗೆ ಬಂದಿರುತ್ತದೆ.

ಬಾಂಡ್ ಬಿಟ್ಟುಕೊಟ್ಟ ಸಂಭಾವನೆ

ಮೂರನೆಯ ಕೆರೆ ಟ್ರಸ್ಟುಗಳು. ಯಾರೋ ಉಳ್ಳವರು ಒಂದು ದೊಡ್ಡ ಮೊತ್ತ ತೆಗೆದಿಡುತ್ತಾರೆ. ಅಸಲು ಹಾಗೇ ಇರುತ್ತದೆ, ಅದರ ಬಡ್ಡಿ ಮತ್ತು ಲಾಭದಿಂದ ವರ್ಷವರ್ಷ ಸಹಾಯ ನಡೆಯುತ್ತದೆ. ನಮ್ಮಲ್ಲಿ ದತ್ತಿನಿಧಿ ಅಂತೀವಲ್ಲ, ಅದೇ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಶಾನ್ ಕಾನರಿ ಕಥೆ. ಎಡಿನ್‌ಬರೋದ ಬಡ ಕೆಲಸಗಾರರ ಕೇರಿಯಲ್ಲಿ ಹುಟ್ಟಿ, ಮನೆಮನೆಗೆ ಹಾಲು ಹಾಕುತ್ತಿದ್ದ ಹುಡುಗ. ಜೇಮ್ಸ್ ಬಾಂಡ್ ಆಗಿ ಜಗತ್ತಿಗೇ ಗೊತ್ತಾದ. ಇನ್ನು ಬಾಂಡ್ ಸಾಕು ಅಂತ ಬಿಟ್ಟಿದ್ದವನನ್ನು 1971ರ ಚಿತ್ರಕ್ಕೆ ಮತ್ತೆ ಕರೆತಂದರು. ಕೊಟ್ಟ ಸಂಭಾವನೆ ಆ ಕಾಲಕ್ಕೆ ದಾಖಲೆ, 12.5 ಲಕ್ಷ ಡಾಲರ್. ಆ ದುಡ್ಡನ್ನು ಹಾಕಿ ಆತ ಸ್ಕಾಟಿಷ್ ಇಂಟರ್‌ನ್ಯಾಷನಲ್ ಎಜುಕೇಷನ್ ಟ್ರಸ್ಟ್ ಕಟ್ಟಿದ. ಪ್ರತಿಭಾವಂತ ಸ್ಕಾಟಿಷ್ ಎಳೆಯರ ಮುಂದಿನ ಓದಿಗೆ ಅದು ನೆರವಾಗುತ್ತ ಬಂದಿದೆ. ಸಂಗೀತದವರೂ ಅದರಲ್ಲಿದ್ದಾರೆ.

ಸರ್ಕಾರವೂ ಒಮ್ಮೆ ಇಂಥ ಕೆಲಸ ಮಾಡಿತು. ಸ್ಕಾಟ್ಲೆಂಡಿನ ಮೊಟ್ಟಮೊದಲ ಫಸ್ಟ್ ಮಿನಿಸ್ಟರ್, ಅಂದರೆ ಮುಖ್ಯಮಂತ್ರಿ ಇದ್ದ ಹಾಗೆ, ಡೊನಾಲ್ಡ್ ಡ್ಯೂವರ್. ಅಧಿಕಾರದಲ್ಲಿದ್ದಾಗಲೇ 2000ದ ಅಕ್ಟೋಬರ್‌ನಲ್ಲಿ ತೀರಿಕೊಂಡರು. 2002ರಲ್ಲಿ ಗ್ಲಾಸ್ಗೋದಲ್ಲಿ ಕನ್ಸರ್ಟ್ ಹಾಲ್ ಎದುರು ಅವರ ಪ್ರತಿಮೆ ನಿಂತಿತು. ಪುಂಡರು ಆ ಪ್ರತಿಮೆಯ ಕನ್ನಡಕವನ್ನು ಮತ್ತೆ ಮತ್ತೆ ಮುರಿದರು. ಕೊನೆಗೆ ಕೈಗೆ ಎಟುಕದ ಹಾಗೆ ಪೀಠವನ್ನೇ ಎತ್ತರಿಸಬೇಕಾಯಿತು. ಅದೇ 2002ರಲ್ಲಿ ಅವರ ಹೆಸರಿನಲ್ಲಿ ಇನ್ನೊಂದು ಸ್ಮಾರಕವೂ ಶುರುವಾಯಿತು: ಡ್ಯೂವರ್ ಆರ್ಟ್ಸ್ ಅವಾರ್ಡ್ಸ್. ಇದಕ್ಕೆ ಕನ್ನಡಕ ಇಲ್ಲ, ಪುಣ್ಯ.

ಡ್ಯೂವರ್ ಅವಾರ್ಡಿನ ಷರತ್ತುಗಳನ್ನು ನೋಡಿದರೆ ಇಡೀ ವ್ಯವಸ್ಥೆಯ ತಿರುಳು ಕಾಣುತ್ತದೆ. ಸ್ಕಾಟ್ಲೆಂಡಿನಲ್ಲಿ ವಾಸವಿರುವ ಎಳೆಯ ವಯಸ್ಸಿನವರಾಗಿರಬೇಕು. ಅಸಾಮಾನ್ಯ ಪ್ರತಿಭೆ ಇರಬೇಕು. ಅದರ ಜೊತೆಗೆ ಮನೆಯಲ್ಲಿ ದುಡ್ಡಿಲ್ಲ ಅನ್ನುವುದೂ ನಿಜವಾಗಿರಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಹಾಗಾಗಿ ಪಿಟೀಲು ಎಷ್ಟೇ ಚೆನ್ನಾಗಿ ನುಡಿಸಿದರೂ, ಅಪ್ಪ-ಅಮ್ಮನಿಗೆ ಒಳ್ಳೆಯ ಸಂಬಳ ಇದ್ದರೆ ಇಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಸಂಗೀತಕ್ಕೆ ಮಾತ್ರ ಅಂತಲೂ ಇಲ್ಲ, ನೃತ್ಯ, ನಾಟಕ, ಚಿತ್ರಕಲೆಯವರಿಗೂ ಹೋಗಿದೆ.

ಕಾಲೇಜಿನ ಲೆಕ್ಕ

ನಮ್ಮ ಹುಡುಗಿಗೆ ಈಗ ಹದಿನೆಂಟು. ಗ್ಲಾಸ್ಗೋದ ರಾಯಲ್ ಕನ್ಸರ್ವೇಟಾಯರ್ ಆಫ್ ಸ್ಕಾಟ್ಲೆಂಡಿನಲ್ಲಿ ಸೀಟು ಸಿಕ್ಕಿದೆ. 1847ರಲ್ಲಿ ಊರಿನ ಜನರಿಗೆ ಓದು-ಬರಹ-ಕಲೆ ಕಲಿಸಲು ಹುಟ್ಟಿದ ಸಂಸ್ಥೆಯ ಬೇರು ಅದಕ್ಕಿದೆ. ಈಗಿನ ಹೆಸರು ಬಂದದ್ದು 2011ರಲ್ಲಿ. ಅಲ್ಲಿ 1996ರಿಂದ ಸ್ಕಾಟಿಷ್ ಜಾನಪದ ಸಂಗೀತದಲ್ಲೇ ಪದವಿ ಮಾಡಬಹುದು.

ಫೀಸಿನ ಚಿಂತೆ ಅವಳಿಗೆ ಹೆಚ್ಚು ಇಲ್ಲ. ಸ್ಕಾಟ್ಲೆಂಡಿನ ವಾಸಿಗಳಿಗೆ ಮೊದಲ ಪದವಿಯ ಫೀಸು ಸರ್ಕಾರವೇ ಕಟ್ಟುತ್ತದೆ. ವರ್ಷಕ್ಕೆ 1,820 ಪೌಂಡ್, ಎಸ್‌ಎಎಎಸ್ ಎಂಬ ಕಚೇರಿಯಿಂದ ನೇರ ಕಾಲೇಜಿಗೆ. ಪ್ರತಿ ವರ್ಷ ತಾನೇ ಅರ್ಜಿ ಹಾಕಬೇಕು, ಅಷ್ಟೇ. ಎಷ್ಟೋ ಜನ ಇಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾದ ಭಾರ ಇನ್ನೂ ಮುಂದಿದೆ. ಬಾಡಿಗೆ, ಊಟ, ತಂತಿ, ಕಮಾನಿಗೆ ಹೊಸ ಕುದುರೆಕೂದಲು, ಊರಿಗೆ ಹೋಗಿಬರುವ ಹಡಗು. ಇದಕ್ಕೆ ಸಾಲವೂ ಇದೆ, ಆದಾಯ ನೋಡಿ ಬರ್ಸರಿಯೂ ಇದೆ. ಸಂಗೀತದ ಹುಡುಗರಿಗೆ ಒಂದು ತೊಂದರೆ ಏನೆಂದರೆ, ಬೇರೆಯವರ ಹಾಗೆ ಸಂಜೆ ಹೋಟೆಲಿನಲ್ಲಿ ಕೆಲಸ ಮಾಡೋಣ ಅಂದರೆ ಅಭ್ಯಾಸಕ್ಕೆ ಉಳಿಯುವುದೂ ಅದೇ ಸಂಜೆ.

ವಾದ್ಯದ ಬೆಲೆ ಇನ್ನೊಂದು ತಲೆನೋವು. ಕಲಿಯುವವರ ಪಿಟೀಲು ಕಡಿಮೆಗೆ ಸಿಗುತ್ತದೆ. ವೃತ್ತಿಗೆ ಇಳಿಯುವವರ ಪಿಟೀಲಿಗೆ ಸಾವಿರಾರು ಪೌಂಡ್. ದೊಡ್ಡ ಆರ್ಕೆಸ್ಟ್ರಾ ಹಾರ್ಪ್ ಆದರೆ ಹತ್ತಾರು ಸಾವಿರ. ಅದಕ್ಕೇ ಅಲ್ಲಿ ವಾದ್ಯವನ್ನು ಎರವಲು ಕೊಡುವ ಪದ್ಧತಿ ಚೆನ್ನಾಗಿ ಬೆಳೆದಿದೆ. ಕ್ಲಾರ್ಸಾಕ್ ಅಂದರೆ ಸ್ಕಾಟ್ಲೆಂಡಿನ ಪುಟ್ಟ ಹಾರ್ಪ್. 1931ರಲ್ಲಿ ಹುಟ್ಟಿದ ಕ್ಲಾರ್ಸಾಕ್ ಸೊಸೈಟಿ ಅದನ್ನು ಬಾಡಿಗೆಗೆ ಕೊಡುತ್ತದೆ. ಎತ್ತರಕ್ಕೆ ಏರಿದವರೂ ಇದಕ್ಕೆ ಹೊರತಲ್ಲ. ವೆಸ್ಟ್ ಕಿಲ್‌ಬ್ರೈಡ್‌ನಲ್ಲಿ ಬೆಳೆದ ನಿಕೊಲಾ ಬೆನೆಡೆಟ್ಟಿ 2004ರಲ್ಲಿ, ಹದಿನಾರನೇ ವಯಸ್ಸಿಗೆ, ಬಿಬಿಸಿಯ ಎಳೆಯ ಸಂಗೀತಗಾರರ ಸ್ಪರ್ಧೆ ಗೆದ್ದವರು. 2022ರಿಂದ ಎಡಿನ್‌ಬರೋ ಅಂತರರಾಷ್ಟ್ರೀಯ ಉತ್ಸವದ ನಿರ್ದೇಶಕಿ. ಅವರು ನುಡಿಸುವ 1717ರ ಸ್ಟ್ರಾಡಿವೇರಿಯಸ್ ಕೂಡ ಅವರದ್ದಲ್ಲ, ಎರವಲು ಬಂದದ್ದು.

ಕುಂಚ ಹಿಡಿದವರಿಗೆ

ಚಿತ್ರ, ಶಿಲ್ಪದವರ ಅಗತ್ಯ ಬೇರೆ. ಅವರಿಗೆ ಬೇಕಾದ್ದು ಬಣ್ಣ, ಸ್ಟುಡಿಯೋ ಜಾಗ, ನೋಡಬೇಕಾದ್ದನ್ನು ಹೋಗಿ ನೋಡುವ ಅವಕಾಶ. ಎಡಿನ್‌ಬರೋದ ರಾಯಲ್ ಸ್ಕಾಟಿಷ್ ಅಕಾಡೆಮಿ 1826ರದ್ದು, ಕಲಾವಿದರೇ ನಡೆಸುವಂಥದ್ದು. ಆಗಷ್ಟೇ ಪದವಿ ಮುಗಿಸಿದವರಲ್ಲಿ ಆಯ್ದವರ ಕೆಲಸವನ್ನು ಅದು ‘ನ್ಯೂ ಕಾಂಟೆಂಪರರೀಸ್’ ಪ್ರದರ್ಶನದಲ್ಲಿ ಗೋಡೆಗೆ ಏರಿಸುತ್ತದೆ. ಜಾನ್ ಕಿನ್‌ರಾಸ್ ಎಂಬ ವಾಸ್ತುಶಿಲ್ಪಿಯ ಹೆಸರಿನ ಸ್ಕಾಲರ್‌ಶಿಪ್ಪಿನಲ್ಲಿ ಎಳೆಯ ಕಲಾವಿದರನ್ನೂ ವಾಸ್ತುಶಿಲ್ಪಿಗಳನ್ನೂ ಇಟಲಿಯ ಫ್ಲಾರೆನ್ಸಿಗೆ ಕಳಿಸುತ್ತದೆ. ಕೆಲವು ವಾರ ಅಲ್ಲಿದ್ದು ನೋಡಿ, ಗೀಚಿ, ಕಲಿತು ಬರಬೇಕು.

ಅರ್ಜಿಯ ಒಳಗೆ

ಹೆಚ್ಚಿನ ನಿಧಿಗಳು ಕೇಳುವುದು ಮೂರು-ನಾಲ್ಕು ಸಂಗತಿ. ನಿನ್ನ ಕೆಲಸ ತೋರಿಸು, ಅಂದರೆ ವಿಡಿಯೋ ಅಥವಾ ಚಿತ್ರಗಳು. ನಿನ್ನನ್ನು ಬಲ್ಲ ಗುರು ಒಬ್ಬರಿಂದ ಪತ್ರ ತಾ. ಏನು ಮಾಡಬೇಕು ಅಂತಿದ್ದೀಯ, ಯಾಕೆ ಈಗಲೇ? ಆಮೇಲೆ ಲೆಕ್ಕ.

ಲೆಕ್ಕದ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇವು ಉದಾಹರಣೆಗೆ ಹೇಳುವ ಸಂಖ್ಯೆಗಳು. ನಮ್ಮ ಹುಡುಗಿಗೆ ಒಂದು ಬೇಸಿಗೆ ಕೋರ್ಸಿಗೆ ಹೋಗಬೇಕು. ಕೋರ್ಸಿಗೆ 900 ಪೌಂಡ್. ಹಡಗು-ರೈಲಿಗೆ 180. ಊಟ-ವಸತಿಗೆ 220. ತಂತಿ, ಕಮಾನಿನ ರಿಪೇರಿಗೆ 100. ಒಟ್ಟು 1,400. ಅಮ್ಮ 300 ಕೊಡುತ್ತಾರೆ. ಊರಿನ ಹಾಲ್‌ನಲ್ಲಿ ಒಂದು ಕೇಲಿ ಇಟ್ಟುಕೊಂಡರು, ಅಂದರೆ ಹಾಡು-ಕುಣಿತದ ಸಂಜೆ. ಅದರಿಂದ 350 ಬಂತು. ಉಳಿದ 750ಕ್ಕೆ ಅರ್ಜಿ.

ಆಯ್ಕೆ ಮಾಡುವವರಿಗೆ ಈ ಹಾಳೆ ಬಹಳ ಹೇಳುತ್ತದೆ. ಸುಮ್ನೆ ‘1,500 ಕೊಡಿ’ ಅಂತ ಗುಂಡು ಮೊತ್ತ ಬರೆದವರಿಗಿಂತ, 180 ಪೌಂಡಿನ ಹಡಗು-ರೈಲು ಟಿಕೆಟ್ ಬರೆದವಳು ನಿಜಕ್ಕೂ ಹೊರಟಿದ್ದಾಳೆ ಅಂತ ಗೊತ್ತಾಗುತ್ತದೆ. ಊರಿನವರು 350 ಕೂಡಿಸಿದ್ದಾರೆ ಅಂದರೆ ಅದೂ ಒಂದು ಶಿಫಾರಸು ಪತ್ರವೇ. ನಮ್ಮ ಕಡೆಯ ಹುಡುಗರು ಅರ್ಜಿಯಲ್ಲಿ ‘ನನಗೆ ಚಿಕ್ಕಂದಿನಿಂದಲೂ ಸಂಗೀತವೆಂದರೆ ಪ್ರಾಣ’ ಅಂತ ಎರಡು ಪುಟ ಬರೆದು, ಖರ್ಚಿನ ಪಟ್ಟಿಯನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದನ್ನು ತಿರುಗಿಸಿ ಬರೆದರೆ ಒಳ್ಳೆಯದು.

ಊರವರು ಮುಂಗಡ ಕೂಡಿಸುವುದು ಅಲ್ಲಿ ಹೊಸದೇನಲ್ಲ. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಕಿಲ್ಮಾರ್ನಕ್‌ನಲ್ಲಿ ತನ್ನ ಮೊದಲ ಪುಸ್ತಕ ಅಚ್ಚು ಹಾಕಿಸಿದ್ದು ಚಂದಾದಾರರ ಹೆಸರು ಬರೆಸಿಕೊಂಡೇ. 612 ಪ್ರತಿ, ಒಂದಕ್ಕೆ ಮೂರು ಶಿಲಿಂಗ್. ಆ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದೆ ಜಮೈಕಾಕ್ಕೆ ಹಡಗು ಹತ್ತುವ ಯೋಚನೆಯಲ್ಲಿದ್ದ. ಪುಸ್ತಕಕ್ಕೆ ಹೆಸರು ಬಂತು, ಆತ ಉಳಿದ.

2024ರ ಆಗಸ್ಟ್

ಸಾರ್ವಜನಿಕ ಹಣಕ್ಕೆ ಒಂದು ಗುಣ ಇದೆ: ಬಜೆಟ್ ಬಿಗಿಯಾದರೆ ನಲ್ಲಿ ನಿಲ್ಲುತ್ತದೆ. ಕ್ರಿಯೇಟಿವ್ ಸ್ಕಾಟ್ಲೆಂಡಿನಲ್ಲಿ ಬಿಡಿ ಕಲಾವಿದರಿಗಾಗಿ ‘ಓಪನ್ ಫಂಡ್’ ಇದೆ. ಸಂಸ್ಥೆ, ಕಚೇರಿ, ಬೋರ್ಡು ಏನೂ ಬೇಡ, ಒಬ್ಬರೇ ಅರ್ಜಿ ಹಾಕಬಹುದು. ಸರ್ಕಾರದಿಂದ ಬರಬೇಕಾದ 66 ಲಕ್ಷ ಪೌಂಡ್ ಖಚಿತವಾಗಲಿಲ್ಲ ಅಂತ 2024ರ ಆಗಸ್ಟ್‌ನಲ್ಲಿ ಇದನ್ನು ಹೊಸ ಅರ್ಜಿಗಳಿಗೆ ಮುಚ್ಚುವುದಾಗಿ ಹೇಳಿದರು. ಕಲಾವಿದರು ಬೀದಿಗಿಳಿದರು, ಪಾರ್ಲಿಮೆಂಟಿನ ಮುಂದೆ ನಿಂತರು. ಸೆಪ್ಟೆಂಬರ್‌ನಲ್ಲಿ ಹಣ ಖಚಿತವಾಯಿತು, ನಿಧಿಯ ಬಾಗಿಲು ಮತ್ತೆ ತೆರೆಯಿತು. ಮುಂದಿನ ಜನವರಿಯಲ್ಲಿ 251 ಸಂಸ್ಥೆಗಳಿಗೆ ಮೂರು ವರ್ಷದ ನೆರವು ಪ್ರಕಟವಾಯಿತು, ಒಟ್ಟು 20 ಕೋಟಿ ಪೌಂಡಿಗೂ ಮೇಲೆ.

ಬಿಡಿ ಕಲಾವಿದರಿಗೂ ಸಂಸ್ಥೆಗೂ ಇರುವ ವ್ಯತ್ಯಾಸ ಇಲ್ಲಿ ಗಮನಿಸಬೇಕು. ಮೂರು ವರ್ಷದ ಹಣ ಖಚಿತವಾದ ಸಂಸ್ಥೆ ಸಂಬಳ ಕೊಡಬಹುದು, ಕಾರ್ಯಕ್ರಮ ಹಾಕಿಕೊಳ್ಳಬಹುದು. ಒಬ್ಬಂಟಿ ಕಲಾವಿದೆ ಪ್ರತಿ ಸಲ ಹೊಸದಾಗಿ ಅರ್ಜಿ ಬರೆಯಬೇಕು.

ಕನ್ನಡದ ಮನೆಯ ಮಗು

ಗ್ಲಾಸ್ಗೋ, ಎಡಿನ್‌ಬರೋ, ಅಬರ್‌ಡೀನ್‌ಗಳಲ್ಲಿರುವ ಡಾಕ್ಟರು, ಎಂಜಿನಿಯರು, ಐಟಿಯವರ ಮನೆಗಳಿಗೆ ಎರಡು ಮಾತು. ಇಂಥ ನಿಧಿಗಳು ಸಾಮಾನ್ಯವಾಗಿ ಮಗು ಎಲ್ಲಿ ಹುಟ್ಟಿತು ಅಂತ ಕೇಳುವುದಕ್ಕಿಂತ ಎಲ್ಲಿ ವಾಸವಿದೆ ಅಂತ ಕೇಳುತ್ತವೆ. ಸರ್ಕಾರಿ ಶಾಲೆಯ ಪುಕ್ಕಟೆ ವಾದ್ಯ ಪಾಠಕ್ಕೆ ಪಾಸ್‌ಪೋರ್ಟಿನ ಬಣ್ಣ ಅಡ್ಡ ಬರುವುದಿಲ್ಲ. ಕಾಲೇಜಿನ ಫೀಸು ಮಾತ್ರ ಬೇರೆ: ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಯಾವ ವೀಸಾ ಅನ್ನುವುದರ ಮೇಲೆ ನಿಂತಿದೆ. ಹದಿನೇಳನೇ ವಯಸ್ಸಿನಲ್ಲಿ ಓಡಾಡುವ ಬದಲು ಎರಡು ವರ್ಷ ಮೊದಲೇ ಎಸ್‌ಎಎಎಸ್ ನಿಯಮ ಓದಿಟ್ಟುಕೊಳ್ಳಿ. ಮಗುವಿನದು ಕರ್ನಾಟಕ ಸಂಗೀತ ಅಥವಾ ಭರತನಾಟ್ಯವಾದರೂ ಹಿಂಜರಿಯಬೇಕಿಲ್ಲ. ಕ್ರಿಯೇಟಿವ್ ಸ್ಕಾಟ್ಲೆಂಡ್ ಇಂಥದ್ದೇ ಪರಂಪರೆ ಅಂತ ಗೆರೆ ಹಾಕಿಲ್ಲ.

ಇಷ್ಟೆಲ್ಲ ಓದಿ ಎಲ್ಲಿಂದ ಶುರು ಮಾಡುವುದು ಅಂತ ತಲೆ ತಿರುಗಿದರೆ, ಮಗುವಿನ ಶಾಲೆಯ ಸಂಗೀತದ ಟೀಚರ್ ಹತ್ತಿರ ಹೋಗಿ. ಯಾವ ನಿಧಿಗೆ ಯಾವ ತಿಂಗಳಲ್ಲಿ ಅರ್ಜಿ, ಶಿಫಾರಸು ಪತ್ರ ಯಾರು ಬರೆದರೆ ತೂಕ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಜೊತೆಗೆ ಶಾಲೆಯ ಬೀರುವಿನಲ್ಲಿ ಯಾರೂ ಮುಟ್ಟದ ಪಿಟೀಲು ಒಂದು ಇದೆಯಾ ಅಂತಲೂ ಕೇಳಿ ನೋಡಿ.